ಕೈಯೊಳಗಿನ ಎಲೆಯೂ ಕಣದೊಳಗಿನ ಎಲೆಯೂ

ಒಳ್ಳೆಯದೆಂದು ಕೈಗೆ ಬಂದುದು ಕಡೆಯವರೆಗೂ ಒಳ್ಳೆಯದಾಗಿಯೇ ಉಳಿಯುವುದೆ? ಉಳಿಯದಿದ್ದರೆ ಅದನ್ನು ಬಿಡತಕ್ಕ ಹೊತ್ತು ಯಾವುದು? ಈ ಪ್ರಶ್ನೆಯು ಮನುಷ್ಯನನ್ನು ಮನೆಯಲ್ಲಿಯೂ ಹೊಲದಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಬೆನ್ನಟ್ಟಿರುತ್ತದೆ. ಬಿಡಬಾರದ್ದನ್ನು ಬಿಟ್ಟವನು ಚಂಚಲನೆನಿಸುವನು. ಬಿಡತಕ್ಕದ್ದನ್ನು ಬಿಡದವನು ಹಟಮಾರಿಯೆನಿಸುವನು. ಸ್ಥೈರ್ಯಕ್ಕೂ ಹಟಕ್ಕೂ ನಡುವೆ ಇರುವ ಗೆರೆಯನ್ನು ಒಂದು ಸಣ್ಣ ದೃಷ್ಟಾಂತದ ಮೇಲಿಂದ ಹುಡುಕಿ ನೋಡುವ. ದೃಷ್ಟಾಂತವು ಇಸ್ಪೀಟಿನ ಆಟದ್ದು.

ಜೂಜಿನ ಮಾತು ಸಭ್ಯರ ಪತ್ರಿಕೆಗೆ ಯಾತಕ್ಕೆಂದು ವಾಚಕರು ಕೇಳಬಹುದು. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನ ಪಶ್ಚಾತ್ತಾಪವನ್ನು ಕುರಿತ ಸೂಕ್ತವಿದೆ. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಹೆಸರೂ ಉಂಟು. ಹಣ ಕಟ್ಟಿ ಆಡುವುದನ್ನು ಈ ಲೇಖನವು ಸಮರ್ಥಿಸುವುದಿಲ್ಲ; ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಆದರೆ ವಿಷವನ್ನು ವೈದ್ಯನು ಪರೀಕ್ಷಿಸುವಂತೆ ಆಟವನ್ನು ವಿಚಾರಶೀಲನು ಪರೀಕ್ಷಿಸಲು ಅಡ್ಡಿಯಿಲ್ಲ.

ಆ ಆಟಕ್ಕೆ ಹೋಲ್ಡೆಮ್ ಎಂದು ಹೆಸರು. ಅಮೇರಿಕೆಯ ಟೆಕ್ಸಾಸ್ ಪ್ರಾಂತದಿಂದ ಹರಡಿದುದು. ಪ್ರತಿಯೊಬ್ಬನಿಗೂ ಎರಡು ಎಲೆಗಳು ಗುಪ್ತವಾಗಿ ಬರುತ್ತವೆ. ಒಂದು ಸುತ್ತು ಪಣವಾದ ಮೇಲೆ ಕಣದಲ್ಲಿ ಮೂರು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಹಾಸುತ್ತಾರೆ; ಆಮೇಲೆ ಒಂದು, ಮತ್ತೊಂದು. ಈ ಏಳರಲ್ಲಿ ಶ್ರೇಷ್ಠವಾದ ಐದು ಎಲೆಗಳು ಯಾರವೋ ನಡುವಿನ ಹಣ ಅವರದು. ಇದರಲ್ಲಿ ಲಿಮಿಟ್ ಎಂಬ ಬಗೆಯೊಂದುಂಟು. ಅದರಲ್ಲಿ ಪಣದ ಅಳತೆಯು ಗೊತ್ತಾಗಿರುತ್ತದೆ: ಮೊದಲಿನೆರಡು ಸುತ್ತುಗಳಲ್ಲಿ ಸಣ್ಣ ಪಣ, ಕಡೆಯ ಎರಡರಲ್ಲಿ ಅದರ ಇಮ್ಮಡಿ. ಮನಬಂದಂತೆ ಸರ್ವಸ್ವವನ್ನೂ ಒಡ್ಡಲು ಅಲ್ಲಿ ಅವಕಾಶವಿಲ್ಲ.

ಒಬ್ಬನಿಗೆ ಜೋಡಿ ಎಕ್ಕಾ ಬಂತೆನ್ನಿರಿ. ಇದಕ್ಕಿಂತ ಮೇಲಾದ ಆರಂಭವು ಈ ಆಟದಲ್ಲಿಲ್ಲ. 221 ಸಲಕ್ಕೆ ಸರಾಸರಿ ಒಮ್ಮೆ ಬರತಕ್ಕದ್ದು. ಎದುರಾಳಿಯು ಒಬ್ಬನೇ ಇದ್ದು, ಅವನ ಎಲೆಗಳು ಏನೇ ಇದ್ದು, ಇಬ್ಬರೂ ಕಡೆಯವರೆಗೆ ನಿಂತರೆ, ಈತನು ನೂರಕ್ಕೆ ಸುಮಾರು 85 ಸಲ ಗೆಲ್ಲುವನು. ಎದುರಾಳಿಗಳು ಐವರಾದರೆ 49 ಸಲ. ಒಂಬತ್ತು ಜನರಾದರೆ 31 ಸಲ ಮಾತ್ರ. ಎಕ್ಕಾಗಳು ಅವೇ, ಕೈಯೂ ಅದೇ. ಬದಲಾದುದು ಸುತ್ತಲಿನ ಜಗತ್ತು. ಇಲ್ಲಿ ಮೊದಲನೆಯ ತತ್ತ್ವವು ದೊರೆಯುತ್ತದೆ: ವಸ್ತುವಿನ ಬೆಲೆಯು ವಸ್ತುವಿನಲ್ಲಿಯೇ ಅಡಗಿಲ್ಲ, ಸಂಬಂಧದಲ್ಲಿದೆ. ವಿದ್ಯೆ, ಕುಲ, ಆಸ್ತಿಗಳೂ ಹೀಗೆಯೇ. ‘ನನ್ನ ಕೈಯಲ್ಲಿ ಎಕ್ಕಾ ಇದೆ’ ಎಂಬಷ್ಟಕ್ಕೇ ಕಣ್ಣು ಮುಚ್ಚಿ ಕುಳಿತವನು ಅರ್ಧ ಸತ್ಯವನ್ನು ಮಾತ್ರ ಬಲ್ಲವನು.

ಹಾಗಾದರೆ ಒಳ್ಳೆಯ ಎಲೆಯನ್ನು ಬಚ್ಚಿಟ್ಟುಕೊಂಡು, ಪಣವನ್ನೇರಿಸದೆ, ಎದುರಾಳಿಗಳನ್ನು ಮೋಸಗೊಳಿಸುವುದು ಜಾಣತನವೆ? ಬಹಳ ಮಂದಿ ಹಾಗೆಂದುಕೊಳ್ಳುತ್ತಾರೆ. ಕಣದಲ್ಲಿ ಎರಡು ಆಟೀನು ಬಿದ್ದಿದ್ದು ಎದುರಾಳಿಯ ಕೈಯಲ್ಲಿಯೂ ಎರಡು ಆಟೀನು ಇದ್ದರೆ, ಮುಂದಿನ ಎಲೆಯೇ ಐದನೆಯ ಆಟೀನಾಗಿ ಬರುವ ಸಂಭವವು ಸುಮಾರು ಐದರಲ್ಲೊಂದು. ಈತನು ಸುಮ್ಮನಿದ್ದರೆ ಅವನು ಆ ಎಲೆಯನ್ನು ಬಿಟ್ಟಿಯಾಗಿ ನೋಡುವನು. ಪಣವನ್ನೊಡ್ಡಿದರೆ ಬೆಲೆ ಕೊಟ್ಟು ನೋಡಬೇಕಾಗುವುದು. ಆದುದರಿಂದ ಬಲವಿದ್ದಾಗಲೇ ಬಲವನ್ನು ಪ್ರಕಟಿಸತಕ್ಕದ್ದು. ಸತ್ಯವನ್ನು ಬಲ್ಲವನು ‘ಇನ್ನೂ ಹೊತ್ತಿದೆ’ ಎಂದು ಸಭೆಯಲ್ಲಿ ಮೌನವಾಗಿದ್ದರೆ, ಸುಳ್ಳಿಗೆ ಬಲಗೊಳ್ಳಲು ಬಿಟ್ಟಿಯಾಗಿ ಅವಕಾಶವನ್ನು ಕೊಟ್ಟಂತೆಯೇ ಸರಿ.

ಇನ್ನು ಕಠಿಣವಾದ ಪ್ರಸಂಗ. ಕೈಯಲ್ಲಿ ಜೋಡಿ ರಾಜರಿದ್ದಾಗ ಕಣದ ಮೊದಲ ಮೂರು ಎಲೆಗಳಲ್ಲಿ ಒಂದಾದರೂ ಎಕ್ಕಾ ಬೀಳುವ ಸಂಭವವು ನೂರಕ್ಕೆ ಸುಮಾರು 23. ಎಕ್ಕಾ ಬಿತ್ತು, ಎದುರಾಳಿಯು ಪಣವನ್ನೇರಿಸುತ್ತಲೇ ಇದ್ದಾನೆ. ಈಗೇನು? ಮೋಹವು ಹೇಳುವುದು, ‘ಇಷ್ಟು ಹಣ ಹಾಕಿದ್ದೇನೆ, ಹೇಗೆ ಬಿಡಲಿ?’ ಭೀತಿಯು ಹೇಳುವುದು, ‘ಎಕ್ಕಾ ಬಂತು, ಓಡು.’ ಎರಡೂ ತಪ್ಪು. ಹಾಕಿದ ಹಣವು ಈಗ ಅವನದಲ್ಲ, ನಡುವಿನದು. ಕಡೆಯ ಸುತ್ತಿನಲ್ಲಿ ನಡುವೆ ಎಂಟು ಪಣಗಳು ಕೂಡಿದ್ದು, ನೋಡಲು ಒಂದು ಪಣ ಸಾಕಾಗಿದ್ದರೆ, ಒಂಬತ್ತು ಸಲದಲ್ಲಿ ಒಂದೇ ಸಲ ಗೆದ್ದರೂ ನಷ್ಟವಿಲ್ಲ. ಅದಕ್ಕೂ ಕಡಿಮೆ ಆಸೆಯಿದ್ದರೆ ಬಿಡತಕ್ಕದ್ದು. ಹೆಚ್ಚಿದ್ದರೆ, ಬಹುಶಃ ಸೋಲುವೆನೆಂದು ತಿಳಿದೂ ನಿಲ್ಲತಕ್ಕದ್ದು.

ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯ ಒಕ್ಕಲಿಗನಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಮುಂಗಾರು ಚೆನ್ನಾಗಿ ಬಿತ್ತೆಂದು ಬಿತ್ತುತ್ತಾನೆ, ಬಳಿಕ ಮಳೆಯು ಕೈಕೊಡುತ್ತದೆ, ಪೈರು ಬಾಡುತ್ತದೆ. ಬೀಜದ ಹಣ, ಎತ್ತುಗಳ ದುಡಿಮೆ ಹೋದುವು. ಅವನು ಕೇಳತಕ್ಕ ಪ್ರಶ್ನೆಯು ‘ಎಷ್ಟು ಹೋಯಿತು?’ ಎಂಬುದಲ್ಲ, ‘ಇದನ್ನು ಉಳಿಸಿಕೊಂಡರೆ ಏನು ಬಂದೀತು, ಹರಗಿ ಹಿಂಗಾರಿ ಜೋಳಕ್ಕೆ ಹೊಲವನ್ನು ಹದಗೊಳಿಸಿದರೆ ಏನು ಬಂದೀತು?’ ಎಂಬುದು. ಬಾಡಿದ ಪೈರಿನ ಮೇಲೆ ಕುಂಟೆ ಹೊಡೆಯುವಾಗ ಅವನ ಕರುಳು ನೋಯುವುದಿಲ್ಲವೆಂದಲ್ಲ. ನೋವನ್ನು ಲೆಕ್ಕದೊಳಗೆ ಬೆರೆಸುವುದಿಲ್ಲ, ಅಷ್ಟೆ.

ಮತ್ತೊಂದು ಮಾತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಪಂಡಿತರು, ಇಬ್ಬರು ಆಡುವ ಲಿಮಿಟ್ ಹೋಲ್ಡೆಮ್ಮನ್ನು ಗಣಕಯಂತ್ರದ ಸಹಾಯದಿಂದ ಬಹುಮಟ್ಟಿಗೆ ಬಿಡಿಸಿದ್ದೇವೆಂದು 2015ರಲ್ಲಿ ಪ್ರಕಟಿಸಿದರು. ಇಂಥ ಯಂತ್ರವೂ ಮುಂದಿನ ಎಲೆಯನ್ನು ಬಲ್ಲದೆ? ಇಲ್ಲ. ಅದೂ ಎಷ್ಟೋ ಆಟಗಳನ್ನು ಸೋಲುತ್ತದೆ. ಸೋತರೂ ಅದರ ನಡೆಯು ತಪ್ಪಲ್ಲ. ನಡೆಯ ಯೋಗ್ಯತೆಯನ್ನು ಫಲದಿಂದ ಅಳೆಯಬಾರದೆಂದು ಗೀತೆಯು ಬೋಧಿಸಿದುದನ್ನು ಆ ಯಂತ್ರವು ತನ್ನ ರೀತಿಯಲ್ಲಿ ಆಚರಿಸುತ್ತಿದೆ.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ, ಅದು ಲಘುವಾದುದಲ್ಲ. ಎಲ್ಲವನ್ನೂ ಲೆಕ್ಕದಿಂದಲೇ ಬಿಡುವುದಾದರೆ ನಿಷ್ಠೆಗೆ ಎಡೆಯೆಲ್ಲಿ? 1824ರ ಅಕ್ಟೋಬರ 23ರಂದು ಕಿತ್ತೂರಿನ ಸೈನ್ಯವು ಇಂಗ್ಲಿಷರನ್ನು ಸೋಲಿಸಿತು. ಕಲೆಕ್ಟರ ಥ್ಯಾಕರೆಯು ಮಡಿದನು. ಡಿಸೆಂಬರಿನಲ್ಲಿ ಅದಕ್ಕೂ ದೊಡ್ಡ ಸೈನ್ಯವು ಬಂದು ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ದೇಹವಿಟ್ಟಳು. ಸಂಗೊಳ್ಳಿ ರಾಯಣ್ಣನಾದರೋ ಕೋಟೆ ಬಿದ್ದ ಮೇಲೂ ಬಿಡಲಿಲ್ಲ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಇವರಿಗೆ ಲೆಕ್ಕ ತಿಳಿಯದಾಗಿತ್ತೆಂದು ಯಾರು ಹೇಳುವರು?

ಸಮಾಧಾನವಿಷ್ಟು. ಗೆಲ್ಲುವುದಕ್ಕಾಗಿ ಹಿಡಿದ ವಸ್ತು ಬೇರೆ. ಹಿಡಿಯುವುದೇ ಧರ್ಮವಾದ ವಸ್ತು ಬೇರೆ. ಎಲೆಯನ್ನು ಹಿಡಿದುದು ಹಣಕ್ಕಾಗಿ. ಹಣ ಬಾರದಾಗ ಅದನ್ನು ಹಿಡಿದಿರಲು ಕಾರಣವುಳಿಯಲಿಲ್ಲ. ನಾಡಿನ ಸ್ವಾತಂತ್ರ್ಯವನ್ನು ಯಾವುದರ ಲಾಭಕ್ಕಾಗಿಯೂ ಹಿಡಿದಿರಲಿಲ್ಲ. ಆದುದರಿಂದ ಸೋಲು ಗೊತ್ತಾದರೂ ಹಿಡಿದ ಕಾರಣವು ಅಳಿಯಲಿಲ್ಲ. ಆದರೆ ಎಚ್ಚರಿಕೆ ಬೇಕು. ಮೋಹವು ಧರ್ಮದ ವೇಷವನ್ನು ಬೇಗನೆ ತೊಡುತ್ತದೆ. ಕರೆದಾಗ ಜೂಜಿಗೆ ಒಲ್ಲೆನೆನ್ನಬಾರದೆಂಬುದನ್ನೇ ಧರ್ಮವೆಂದು ತಿಳಿದ ಯುಧಿಷ್ಠಿರನು ತಮ್ಮಂದಿರನ್ನೂ ದ್ರೌಪದಿಯನ್ನೂ ಪಣಕ್ಕೊಡ್ಡಿದನು. ಧರ್ಮಕ್ಕಾಗಿ ನಿಲ್ಲುವವನು ತೆರುವುದು ತನ್ನದನ್ನು. ಮೋಹಕ್ಕಾಗಿ ನಿಲ್ಲುವವನು ತೆರುವುದು ಬಹುಮಟ್ಟಿಗೆ ಹೆಂಡಿರು ಮಕ್ಕಳದನ್ನು.

ವಾಚಕರು ತಮ್ಮ ಕೈಯಲ್ಲಿರುವುದನ್ನು ಈ ಒರೆಗಲ್ಲಿನ ಮೇಲೆ ತಿಕ್ಕಿ ನೋಡಲಿ. ಲಾಭಕ್ಕಾಗಿ ಹಿಡಿದುದಾದರೆ ಕಣದ ಎಲೆಯನ್ನು ನೋಡಿ, ಬಿಡಬೇಕಾದಲ್ಲಿ ಬಿಡಲಿ. ಧರ್ಮಕ್ಕಾಗಿ ಹಿಡಿದುದಾದರೆ, ಅದರ ಬೆಲೆಯನ್ನು ತಾವೇ ತೆರಲು ಸಿದ್ಧರಿರುವೆವೆ ಎಂದು ಮೊದಲು ಕೇಳಿಕೊಂಡು, ಆಮೇಲೆ ಅಳುಕದೆ ನಿಲ್ಲಲಿ.