ಇಂದಿನ ಧಮ್ಮ ಚಿಂತನೆ: ಗ್ರಹಣ ಬಿಟ್ಟಿತು, ಭಯ ಬಿಟ್ಟಿತೇ?



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬ ತಂಗಿ ಕೇಳಿದರು: "ಸರ್, ರಾಹು ಕೇತು ಎಲ್ಲ ಸುಳ್ಳು ಅಂತೀವಿ. ನಮ್ಮ ತ್ರಿಪಿಟಕದಲ್ಲೇ ರಾಹು ಇದಾನಲ್ಲ?"

ಇದಾನೆ. ಸಂಯುತ್ತ ನಿಕಾಯದ ಸೂರಿಯ ಸುತ್ತದಲ್ಲಿ ರಾಹು ಸೂರ್ಯನನ್ನು ಹಿಡಿಯುತ್ತಾನೆ. ಸೂರ್ಯ ಬುದ್ಧರಿಗೆ ಶರಣು ಹೋಗುತ್ತಾನೆ. ಬಿಡು ಎಂದು ಬುದ್ಧರು ಹೇಳಿದಾಗ ರಾಹು ಬಿಟ್ಟು ಓಡುತ್ತಾನೆ. ಅದು ಆ ಕಾಲದ ಜನರ ಕಥೆಯ ಭಾಷೆ. ಆದರೂ ಗಮನಿಸಿ, ಆ ಕಥೆಯಲ್ಲಿ ಹೋಮ ಇಲ್ಲ, ದಕ್ಷಿಣೆ ಇಲ್ಲ, ಮೈಲಿಗೆ ಇಲ್ಲ. ದೀಘ ನಿಕಾಯದ ಬ್ರಹ್ಮಜಾಲ ಸುತ್ತ ಇನ್ನೂ ನೇರ. ಗ್ರಹಣ ಬರುತ್ತದೆ, ಅದಕ್ಕೆ ಇಂಥ ಫಲ ಎಂದು ಹೇಳಿ ಹೊಟ್ಟೆ ಹೊರೆಯುವುದನ್ನು ಅದು ಕೀಳು ವಿದ್ಯೆಗಳ ಸಾಲಿಗೆ ಸೇರಿಸುತ್ತದೆ. ಗ್ರಹಣದ ಲೆಕ್ಕ ಹಾಕುವುದು ತಪ್ಪಲ್ಲ. ಆ ಲೆಕ್ಕದ ಜೊತೆ ಭಯವನ್ನು ಮಾರುವುದು ತಪ್ಪು.

1980ರ ಫೆಬ್ರುವರಿ 16ರಂದು ಸಂಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ರಾಜ್ಯದ ಉತ್ತರ ಭಾಗದ ಮೇಲೆ ಹಾದುಹೋಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾಕ್ಕೆ ಹೋಗಿ ಬಿಡಾರ ಹೂಡಿ ಅದನ್ನು ಅಧ್ಯಯನ ಮಾಡಿದರು. ಅದೇ ದಿನ ಎಷ್ಟೋ ಊರುಗಳಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಒಂದೇ ನೆರಳು. ಕೆಲವರು ಅದನ್ನು ಹುಡುಕಿಕೊಂಡು ಹೋದರು, ಕೆಲವರು ಅದರಿಂದ ಅಡಗಿದರು.

ನಾವೂ ಒಮ್ಮೆ ಹುಡುಕಿಕೊಂಡು ಹೋಗಿದ್ದೆವು. 2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ಚಂದ್ರ ಭೂಮಿಯಿಂದ ದೂರ ಇರುವಾಗ ಸೂರ್ಯನನ್ನು ಪೂರ್ತಿ ಮುಚ್ಚಲಾರ, ಸುತ್ತ ಬಳೆಯಂತೆ ಬೆಳಕು ಉಳಿಯುತ್ತದೆ. ಬೆಂಗಳೂರಿನಲ್ಲಿ ಅದು ಭಾಗಶಃ ಮಾತ್ರ. ಬಳೆ ಕಾಣಲು ಕೊಡಗಿನ ಕುಟ್ಟದ ಕಡೆ ಹೋಗಬೇಕಿತ್ತು. ಹಲಸೂರಿನಿಂದ ಹನ್ನೊಂದು ಮಂದಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹಿಂದಿನ ರಾತ್ರಿ ಹೊರಟೆವು.

ಕೆ.ಆರ್. ಪುರಂನ ಒಂದು ಮನೆಯ ಸೊಸೆ ಆಗ ಐದು ತಿಂಗಳ ಬಸುರಿ. ಡಾಕ್ಟರು ಹೋಗಿಬನ್ನಿ ಅಂದಿದ್ದರು. ಅತ್ತೆ ಒಪ್ಪಲಿಲ್ಲ. 22 ಪ್ರತಿಜ್ಞೆಗಳನ್ನು ತಡವರಿಸದೆ ಹೇಳುವ ತಾಯಿ ಅವರು. "ಎಲ್ಲ ಸರಿ ಸರ್, ಆದ್ರೆ ಇದು ಮಗು ವಿಷಯ ಅಲ್ವಾ" ಅಂದರು. ಯಾರೂ ವಾದ ಮಾಡಲಿಲ್ಲ. ಸೊಸೆಯೇ, "ನೀವೂ ಬನ್ನಿ ಅತ್ತೆ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ" ಅಂದಳು. ಬಂದರು.

ಹುಣಸೂರು, ಗೋಣಿಕೊಪ್ಪ ದಾಟಿ ಬೆಳಗಾಗುವ ಹೊತ್ತಿಗೆ ಕುಟ್ಟ ತಲುಪಿದೆವು. ಒಂಬತ್ತೂವರೆ ಸುಮಾರಿಗೆ ಕಾಫಿ ತೋಟದ ಮೇಲೆ ಬಿಸಿಲು ಮಂಕಾಯಿತು, ಮೈಗೆ ಚಳಿ ಹತ್ತಿತು. ಅತ್ತೆ ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಗ್ರಹಣದ ಕನ್ನಡಕ ಹಾಕಿ ನೋಡಿದರು. ತುಸು ಹೊತ್ತು ಸುಮ್ಮನಿದ್ದು "ಇಷ್ಟೇನಾ?" ಅಂದರು. ಆಮೇಲೆ ಡಬ್ಬಿ ತೆಗೆದು, ಗ್ರಹಣ ಬಿಡುವ ಮೊದಲೇ, ಸೊಸೆಗೆ ಚಿತ್ರಾನ್ನ ಕೊಟ್ಟರು.

ಮಗು ಹೇಗೆ ಹುಟ್ಟಿತು ಎಂದು ನೀವು ಕೇಳುತ್ತೀರಿ. ನಾನು ಬೇಕೆಂದೇ ಹೇಳುವುದಿಲ್ಲ. ಚೆನ್ನಾಗಿದೆ ಎಂದರೆ "ನೋಡಿ, ಏನೂ ಆಗಲಿಲ್ಲ" ಎನ್ನುತ್ತೇವೆ. ತೊಂದರೆ ಇದೆ ಎಂದರೆ "ನೋಡಿ, ಆಗೇಬಿಟ್ಟಿತು" ಎನ್ನುತ್ತೇವೆ. ಎರಡೂ ಶಕುನ ನೋಡುವ ಬುದ್ಧಿಯೇ. ಮಗುವಿಗೆ ಏನೇ ಇದ್ದರೂ ಅದಕ್ಕೆ ಕಾರಣ ದೇಹದಲ್ಲಿ, ಆಹಾರದಲ್ಲಿ, ಆಸ್ಪತ್ರೆಯಲ್ಲಿ ಹುಡುಕಬೇಕು. ಆಕಾಶದಲ್ಲಿ ಅಲ್ಲ, ತಾಯಿಯ ತಪ್ಪಿನಲ್ಲೂ ಅಲ್ಲ.

ಅದೇ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇರುವ ಮಕ್ಕಳನ್ನು, ಗುಣವಾಗಲಿ ಎಂದು, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಬಂತು. ಆ ತಂದೆತಾಯಿಯರನ್ನು ಬಯ್ಯುವುದು ಸುಲಭ. ಅವರಿಗೆ ಪ್ರೀತಿ ಇರಲಿಲ್ಲವೇ? ಇತ್ತು. ಆ ಪ್ರೀತಿಗೆ ದಾರಿ ತೋರುವವರು ಇರಲಿಲ್ಲ. ಬಾಬಾಸಾಹೇಬರು ಪ್ರಜ್ಞೆ, ಕರುಣೆ ಎರಡೂ ಬೇಕು ಎಂದದ್ದು ಇದಕ್ಕೇ. ಪ್ರಜ್ಞೆ ಇಲ್ಲದ ಕರುಣೆ ಮಗುವನ್ನು ಹೂಳುತ್ತದೆ. ಕರುಣೆ ಇಲ್ಲದ ಪ್ರಜ್ಞೆ ಆ ತಾಯಿಯನ್ನು ನೋಡಿ ನಗುತ್ತದೆ.

2031ರ ಮೇ 21ರಂದು ಕೇರಳ ಮತ್ತು ದಕ್ಷಿಣ ತಮಿಳುನಾಡಿನಲ್ಲಿ ಮತ್ತೆ ಕಂಕಣ ಗ್ರಹಣ ಕಾಣುತ್ತದೆ. ಈಗಿಂದಲೇ ಸ್ವಲ್ಪ ಸ್ವಲ್ಪ ಕೂಡಿಡೋಣ, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗೋಣ. ಬರಿಗಣ್ಣಿನಲ್ಲಿ ಮಾತ್ರ ನೋಡಬೇಡಿ. ಅದು ಮೂಢನಂಬಿಕೆಯಲ್ಲ, ಕಣ್ಣು ನಿಜಕ್ಕೂ ಸುಡುತ್ತದೆ.

*ಇಂದಿನ ಅಭ್ಯಾಸ:* ಕಾರಣ ಕೇಳದೆ, ಬರೀ ಭಯಕ್ಕೆ ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿರುವ ಒಂದು ಆಚರಣೆಯನ್ನು ಗುರುತಿಸಿ. ಹಿರಿಯರೊಂದಿಗೆ ಜಗಳ ಬೇಡ. ಪಕ್ಕದಲ್ಲಿ ಕೂತು, ಕೈ ಹಿಡಿದು, ಒಟ್ಟಿಗೆ ನೋಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙