ಬಿಡಿಭಾಗಗಳೆಲ್ಲ ಬದಲಾದ ಮೇಲೂ ಅದೇ ಬೈಕೇ?

ಹಳೆಯ ಮೋಟಾರ್‌ಸೈಕಲ್ಲನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದನ್ನು ಕೂಡಿಸಿ ಮತ್ತೆ ಓಡಿಸಿದಾಗ ಅದು ಮೊದಲಿನ ಬೈಕೇ, ಬೇರೊಂದೇ? ಬಿಡಿಭಾಗಗಳಿಗೂ ಅವು ಕೂಡಿ ಆಗುವ ವಸ್ತುವಿಗೂ ಇರುವ ಸಂಬಂಧವನ್ನು ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿವೆ. ಆ ಚರ್ಚೆಗೆ ಮೈಸೂರಿನಲ್ಲಿ ತಯಾರಾದ ಜಾವಾ ಬೈಕ್ ತಕ್ಕ ಉದಾಹರಣೆ. ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಚೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ 250 ಸಿಸಿಯ ಟೂ-ಸ್ಟ್ರೋಕ್ ಬೈಕುಗಳನ್ನು ತಯಾರಿಸಿತು. ಮುಂದಿನ ದಶಕದಲ್ಲಿ ಅವು ಯೆಜ್ಡಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದ್ದರಿಂದ, ಉದಾಹರಣೆಗೆ, ನಾಗಪುರದ ಮನೆಯಂಗಳದಲ್ಲಿ ನಿಂತ ಜಾವಾ ಇಂದಿಗೂ ಓಡಬೇಕಾದರೆ ಮಾಲೀಕರ ಶ್ರದ್ಧೆಯೂ ಹಳೆಯ ಮೆಕ್ಯಾನಿಕ್‌ಗಳ ಕೈಚಳಕವೂ ಬೇಕು.

ಬೇಸಿಗೆಯ ಬಿಸಿಲು 45 ಡಿಗ್ರಿ ದಾಟುವ ಆ ಊರಿನಲ್ಲಿ ರಬ್ಬರ್ ಬಿರುಕು ಬಿಡುತ್ತದೆ, ಬಣ್ಣ ಮಾಸುತ್ತದೆ. ಮಳೆಗಾಲದಲ್ಲಿ ತುಕ್ಕು ಹತ್ತುತ್ತದೆ. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಕ್ರ್ಯಾಂಕಿನ ಬೇರಿಂಗ್, ಆಯಿಲ್ ಸೀಲ್, ವೈರಿಂಗ್ ಬದಲಾಗುತ್ತವೆ. ಟ್ಯಾಂಕಿಗೆ ಮತ್ತೆ ಕ್ರೋಮ್ ಹಿಡಿಸಬೇಕಾಗುತ್ತದೆ. ಇವೆಲ್ಲ ಇದ್ದದ್ದನ್ನು ಇದ್ದಂತೆ ಉಳಿಸುವ ಕೆಲಸ. 6 ವೋಲ್ಟಿನ ವ್ಯವಸ್ಥೆಯನ್ನು 12 ವೋಲ್ಟಿಗೆ ಏರಿಸುವುದು, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುವುದು, ಹ್ಯಾಂಡಲ್ ಮತ್ತು ಸೀಟಿನ ಆಕಾರ ಬದಲಿಸುವುದು ತನಗೆ ಬೇಕಾದಂತೆ ಮಾರ್ಪಡಿಸುವ ಕೆಲಸ. ಎರಡರಲ್ಲೂ ಭಾಗಗಳು ಹೋಗುತ್ತವೆ, ಬರುತ್ತವೆ. ಉದ್ದೇಶ ಮಾತ್ರ ಬೇರೆ.

ಹೀಗೆ ಭಾಗಗಳು ಬದಲಾದ ಬೈಕ್ ಅದೇ ಬೈಕೇ ಎಂಬ ಪ್ರಶ್ನೆಗೆ ವೈಶೇಷಿಕ ದರ್ಶನದವರ ಉತ್ತರ ನಿಷ್ಠುರವಾದದ್ದು. ಭಾಗಗಳಿಂದ ಹುಟ್ಟುವ ಇಡೀ ವಸ್ತು, ಅಂದರೆ ಅವಯವಿ, ಭಾಗಗಳಿಗಿಂತ ಬೇರೆಯಾದ ನಿಜವಸ್ತು; ಒಂದು ಭಾಗ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ. ಈ ಲೆಕ್ಕದಲ್ಲಿ ಪಿಸ್ಟನ್ ಬದಲಿಸಿದ ಕ್ಷಣವೇ ಬೈಕ್ ಬೇರೆಯದು. ಜೈನರು ಒಂದೇ ವಸ್ತುವಿನಲ್ಲಿ ಉತ್ಪತ್ತಿ, ನಾಶ, ಸ್ಥಿರತೆ ಮೂರನ್ನೂ ಒಪ್ಪುತ್ತಾರೆ. ಜೈನ ದಾರ್ಶನಿಕ ಸಮಂತಭದ್ರನ ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೊಂದು ದೃಷ್ಟಾಂತವಿದೆ: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮಾರ್ಪಡಿಸಿದ ಜಾವಾದ ಮುಂದೆ ನಿಂತವರ ಭಿನ್ನಾಭಿಪ್ರಾಯಕ್ಕೂ ಇದೇ ಕಾರಣ. ಯಾರು ಯಾವುದನ್ನು ಬೈಕಿನ ಸಾರವೆಂದು ಹಿಡಿದಿದ್ದಾರೋ ಅದರಂತೆ ಅವರಿಗೆ ಅದು ಉಳಿದಿದೆ ಅಥವಾ ಅಳಿದಿದೆ.

ಮೂರನೆಯ ಉತ್ತರ ಬೌದ್ಧರದು. ಬೌದ್ಧ ಗ್ರಂಥ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನನ್ನು ಅವನು ಬಂದ ರಥದ ಬಗ್ಗೆ ಕೇಳುತ್ತಾನೆ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಭಾಗಗಳ ಕೂಟಕ್ಕೆ ವ್ಯವಹಾರದಲ್ಲಿ ಇಟ್ಟ ಹೆಸರು ರಥ. ಒಳಗೆ ಬದಲಾಗದ ಆತ್ಮವೆಂಬುದಿಲ್ಲ. ಹಾಗೆಂದು ಹೊಣೆ ತಪ್ಪುವುದಿಲ್ಲ. ಮಾವಿನಹಣ್ಣು ಕದ್ದವನು, ‘ಮಾಲೀಕ ನೆಟ್ಟ ಮಾವು ಬೇರೆ, ನಾನು ಕಿತ್ತದ್ದು ಬೇರೆ’ ಎಂದರೂ ತಪ್ಪಿತಸ್ಥನೇ ಎಂದು ಅದೇ ಗ್ರಂಥ ಹೇಳುತ್ತದೆ, ಏಕೆಂದರೆ ಕಿತ್ತ ಹಣ್ಣು ನೆಟ್ಟದ್ದರಿಂದಲೇ ಬಂದದ್ದು. ಆತ್ಮವನ್ನು ನಿರಾಕರಿಸಿಯೂ ನೀತಿಯನ್ನು ಎತ್ತಿಹಿಡಿದ ಈ ದರ್ಶನಕ್ಕೆ ನಾಗಪುರದಲ್ಲಿ ವಿಶೇಷ ಸ್ಥಾನವಿದೆ. 1956ರ ಅಕ್ಟೋಬರ್ 14ರಂದು ಡಾ. ಬಿ.ಆರ್. ಅಂಬೇಡ್ಕರ್ ಅಲ್ಲಿ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧಧರ್ಮ ಸ್ವೀಕರಿಸಿದರು. ಆ ಜಾಗವೇ ದೀಕ್ಷಾಭೂಮಿ. 1957ರಲ್ಲಿ ಪ್ರಕಟವಾದ ಅವರ ‘ಬುದ್ಧ ಮತ್ತು ಅವನ ಧಮ್ಮ’ ಕೂಡ ಆತ್ಮವನ್ನು ಅಲ್ಲಗಳೆದು ನೀತಿಯನ್ನೇ ಧಮ್ಮದ ತಿರುಳಾಗಿಸುತ್ತದೆ.

ಅದೇ ಬೈಕೇ ಎಂಬ ಪ್ರಶ್ನೆಯನ್ನು ಕಾನೂನು ತನ್ನದೇ ರೀತಿಯಲ್ಲಿ ಬಗೆಹರಿಸಿದೆ. ನೋಂದಣಿ ಪತ್ರದಲ್ಲಿ ವಾಹನದ ಗುರುತೆಂದರೆ ಚಾಸಿ ಮತ್ತು ಎಂಜಿನ್ ಸಂಖ್ಯೆಗಳು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಬಂದಂತೆ ಮಾರ್ಪಡಿಸುವುದಕ್ಕೆ ತಡೆಯೊಡ್ಡುತ್ತದೆ. 2021ರ ನಿಯಮಗಳ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಅದು ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳ ಮಾರ್ಪಾಡು ಆಗಿರಬಾರದು.

ಸಂಖ್ಯೆ ವ್ಯವಹಾರಕ್ಕೆ ಸಾಕು, ಸತ್ಯಕ್ಕೆ ಸಾಲದು. ಹಳೆಯ ಚಾಸಿಯ ಸಂಖ್ಯೆಯನ್ನು ಹೊಸದರ ಮೇಲೆ ಕೊರೆದರೆ ಬೈಕಿನ ಗುರುತು ಮುಂದುವರಿಯುವುದಿಲ್ಲ, ಕಳವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಏನು ತೆಗೆದದ್ದು, ಏನು ಹಾಕಿದ್ದು ಎಂಬುದನ್ನು ಬರೆದಿಟ್ಟು, ಕೊಳ್ಳುವವರಿಗೂ ಹೇಳಿ, ಕಾನೂನಿನ ಮಿತಿಯೊಳಗೆ ಮಾರ್ಪಡಿಸಿದ ಬೈಕ್ ರೂಪದಲ್ಲಿ ಬೇರೆಯಾದರೂ ತನ್ನ ಪರಂಪರೆಯನ್ನು ಕಳೆದುಕೊಳ್ಳುವುದಿಲ್ಲ. ಹಳೆಯ ಬೈಕ್ ‘ಅದೇ’ ಆಗಿ ಉಳಿಯುವುದು ಲೋಹದಿಂದಲ್ಲ, ಪ್ರತಿಯೊಂದು ಬದಲಾವಣೆಯೂ ಹಿಂದಿನ ಸ್ಥಿತಿಗೆ ಪ್ರಾಮಾಣಿಕವಾಗಿ ಕೊಂಡಿ ಹಾಕಿಕೊಂಡು ಬಂದಿರುವುದರಿಂದ. ಹಾಗಾಗಿ ಅದನ್ನು ಉಳಿಸುವ ಕೆಲಸ ಕೌಶಲವನ್ನಷ್ಟೇ ಅಲ್ಲ, ಸತ್ಯನಿಷ್ಠೆಯನ್ನೂ ಬೇಡುತ್ತದೆ.