ಕೈಗೆ ಒಗ್ಗಿದ ಹಿಡಿ

ನನ್ನ ತಂಗಿಯ ಮಗಳು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಪಾಳಿಯ ಕೆಲಸ. ಎರಡನೆಯ ಪಾಳಿ ಮುಗಿಸಿ ಕೋಲಾರದಲ್ಲಿ ಬಸ್ಸಿನಿಂದ ಇಳಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಅಲ್ಲಿಂದ ಮನೆಗೆ ಆರು ನಿಮಿಷದ ನಡಿಗೆ. ಕಳೆದ ಯುಗಾದಿಗೆ ಎಲ್ಲರೂ ಸೇರಿ ಒಬ್ಬಟ್ಟು ತಟ್ಟುತ್ತಿದ್ದಾಗ ಅವಳು ಮೆಲ್ಲಗೆ ಹೇಳಿದಳು, ಯಾರೋ ಒಬ್ಬ ಮೂರು ದಿನದಿಂದ ಹಿಂದೆಯೇ ಬರುತ್ತಿದ್ದಾನೆಂದು.

"ದೊಡ್ಡಮ್ಮ, ಇವಳಿಗೊಂದು ರಿವಾಲ್ವರ್ ತೆಗೆದುಕೊಟ್ಟುಬಿಡೋಣ. ಹೆಂಗಸರ ಕೈಗೆ ಅಂತಲೇ ಒಂದು ಮಾಡಿದ್ದಾರಂತಲ್ಲ" ಎಂದ ಅವಳ ಅಣ್ಣ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಿಜವಾಗ್ಲೂ ನನ್ನ ಕೈಗೆ ಸರಿಹೋಗುತ್ತಾ?" ಎಂದು ಹೂರಣ ಮೆತ್ತಿದ್ದ ತನ್ನ ಅಂಗೈಯನ್ನೇ ನೋಡಿಕೊಂಡಳು. ಆ ನೋಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹುಡುಗ ಹೇಳಿದ್ದು ಸುಳ್ಳಲ್ಲ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದುದನ್ನು ನಾವ್ಯಾರೂ ಮರೆತಿಲ್ಲ. ನಿರ್ಭಯಾ ಎಂದು ದೇಶವೇ ಕರೆದ ಆ ಹುಡುಗಿಯ ನೆನಪಿನಲ್ಲಿ 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೊರತಂದಿತು. ಆರು ಗುಂಡು ಹಿಡಿಯುತ್ತದೆ. ತೂಕ ಸುಮಾರು ಅರ್ಧ ಕಿಲೋ, ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದು. ಬೆಲೆ ಆಗ 1,22,000 ರೂಪಾಯಿಯ ಮೇಲೆ. ಅದನ್ನು ಕೊಡುತ್ತಿದ್ದುದು ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ. ಸರದ ಜೊತೆ ಓಲೆ ಕೊಟ್ಟ ಹಾಗೆ, ಭಯದ ಜೊತೆ ಬಂದೂಕು!

ಕೈಬಂದೂಕು ಆರಿಸುವಾಗ ಮೊದಲು ನೋಡಬೇಕಾದದ್ದು ಹಿಡಿಯನ್ನು ಎಂದು ಬಲ್ಲವರು ಹೇಳುತ್ತಾರೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವೆಯಲ್ಲಿ ಅದು ಗಟ್ಟಿಯಾಗಿ ಕೂರಬೇಕು. ಹಿಡಿ ದಪ್ಪವಾದರೆ ತೋರುಬೆರಳು ಟ್ರಿಗರಿಗೆ ಎಟುಕದು. ತೀರ ಚಿಕ್ಕದಾದರೆ ಕಿರುಬೆರಳಿಗೆ ಜಾಗವಿಲ್ಲದೆ, ಗುಂಡು ಹಾರಿದಾಗ ಬಂದೂಕು ಕೈಯಲ್ಲೇ ಕುಣಿಯುತ್ತದೆ. ಇನ್ನೊಂದು ಮಾತೂ ಇದೆ: ಒಂದೇ ಗುಂಡಿಗೆ ಬಂದೂಕು ಹಗುರವಾದಷ್ಟೂ ಅದರ ಒದೆತ ಜೋರು. ಚೀಲಕ್ಕೆ ಹಗುರವಾದದ್ದು ಕೈಗೆ ಹಗುರವಲ್ಲ.

ಹಿಡಿಯ ವಿಷಯ ನಮಗೆ, ಹೆಂಗಸರಿಗೆ, ಯಾರೂ ಹೇಳಿಕೊಡಬೇಕಾಗಿಲ್ಲ. ಸೌಟು, ಕುಡುಗೋಲು, ಬೀಸುವ ಕಲ್ಲಿನ ಗೂಟ, ಎಲ್ಲವೂ ದಿನದಿನದ ಕೆಲಸದಲ್ಲಿ ನಮ್ಮ ಕೈಗೆ ಒಗ್ಗಿದವು. ಒಬ್ಬಳ ಕುಡುಗೋಲು ಇನ್ನೊಬ್ಬಳ ಕೈಗೆ ಸಲೀಸಾಗಿ ಬಾರದು. ಆದರೆ ಕೈಗೆ ಒಗ್ಗಿದ ಹಿಡಿಯೇ ಒಮ್ಮೆ ನನ್ನನ್ನು ನಡುಗಿಸಿದೆ.

ಮೂವತ್ತು ವರ್ಷದ ಹಿಂದೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಉಪಾಧ್ಯಾಯಿನಿ. ಮಾವಿನ ತೋಪಿನ ಅಂಚಿಗೆ ಬಾಡಿಗೆ ಮನೆ, ಒಬ್ಬಳೇ ವಾಸ. ರಾತ್ರಿ ದಿಂಬಿನ ಪಕ್ಕ ಮಚ್ಚು ಇಟ್ಟುಕೊಂಡು ಮಲಗುತ್ತಿದ್ದೆ. ಹಗಲು ಸೌದೆ ಸೀಳುವ ಮಚ್ಚೇ ಅದು. ಅದರ ಮರದ ಹಿಡಿ ನನ್ನ ಕೈಯ ಬೆವರು ಕುಡಿದು ನುಣುಪಾಗಿತ್ತು. ಕತ್ತಲಲ್ಲೂ ಕೈ ತಾನಾಗಿ ಅದರ ಮೇಲೆ ಹೋಗಿ ಕೂರುತ್ತಿತ್ತು. ಒಂದು ರಾತ್ರಿ ಕರೆಂಟಿರಲಿಲ್ಲ. ಯಾರೋ ಕದ ಬಡಿದರು. "ಯಾರು?" ಎಂದರೆ ಉತ್ತರವಿಲ್ಲ, ಮತ್ತೆ ಅದೇ ಬಡಿತ. ಅಗುಳಿ ಸರಿಸಿದೆನೋ ಇಲ್ಲವೋ, ಕಪ್ಪು ಆಕಾರವೊಂದು ನನ್ನನ್ನು ತಳ್ಳಿಕೊಂಡೇ ಒಳಗೆ ನುಗ್ಗಿತು. ನನ್ನ ಬಲಗೈ ಮೇಲೆದ್ದಿತ್ತು. ಎದ್ದದ್ದು ನನಗೇ ತಿಳಿಯಲಿಲ್ಲ. ಆ ಕ್ಷಣ ಗಾಜಿನ ಬಳೆಯ ಸದ್ದು ಕಿವಿಗೆ ಬೀಳದೆ ಹೋಗಿದ್ದರೆ ಏನಾಗುತ್ತಿತ್ತೋ!

ಪಕ್ಕದ ಮನೆಗೆ ಆರು ತಿಂಗಳ ಹಿಂದೆ ಮದುವೆಯಾಗಿ ಬಂದಿದ್ದ ಹುಡುಗಿ. ಗಂಡ ಹೊಡೆದಿದ್ದ. ಬಾಯೆಲ್ಲ ರಕ್ತವಾಗಿ ಮಾತು ಹೊರಡುತ್ತಿರಲಿಲ್ಲ. ಬೆಳಗಾಗುವವರೆಗೂ ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. ಮಾರನೆಯ ದಿನ ಮಚ್ಚು ಸೌದೆಯ ಮೂಲೆಗೆ ಹೋಯಿತು.

ಅಂದಿನಿಂದ ನನಗೊಂದು ಪ್ರಶ್ನೆ ಉಳಿದಿದೆ. ಆಯುಧದ ಹಿಡಿ ಕೈಗೆ ಒಗ್ಗುವುದೆಂದರೆ ಏನು? ಕೈಗೂ ಕೆಲಸಕ್ಕೂ ನಡುವೆ ಇರುವ ಅಳುಕು ಹೋಗುವುದು. ಸೌದೆ ಸೀಳುವಾಗ ಆ ಅಳುಕು ಹೋಗಲೇಬೇಕು, ಇಲ್ಲವಾದರೆ ಬೆರಳು ಹೋದೀತು. ಮನುಷ್ಯರ ವಿಷಯದಲ್ಲಿ? ಎದುರಿಗಿರುವವರು ಯಾರೆಂದು ನೋಡುವಷ್ಟು ಹೊತ್ತು ನಮ್ಮನ್ನು ತಡೆದು ನಿಲ್ಲಿಸುವುದು ಆ ಅಳುಕೇ ಅಲ್ಲವೆ?

ಇದನ್ನು ಹುಡುಗಿಗೆ ಹೇಳಿದೆ. ಅವಳ ಉತ್ತರ ನೇರವಾಗಿತ್ತು. "ದೊಡ್ಡಮ್ಮ, ನಿಮ್ಮದು ಕದ ತೆಗೆಯೋ ಕತೆ. ನಾನಿರೋದು ರಸ್ತೆಯಲ್ಲಿ. ಅಲ್ಲಿ ಅಳುಕೋಳು ನಾನೊಬ್ಬಳೇ, ಅವನಲ್ಲ." ನನಗೆ ಬಾಯಿ ಕಟ್ಟಿತು. ಅವಳು ಹೇಳಿದ್ದು ನಿಜ. ಅಹಿಂಸೆಯ ಪಾಠವನ್ನು ಹೆದರಿದವಳಿಗೇ ಹೇಳುವುದು ಸುಲಭ. ಹೆದರಿಸಿದವನಿಗೆ ಯಾರು ಹೇಳಬೇಕು? ಹೇಡಿತನ ಮತ್ತು ಹಿಂಸೆ ಇವೆರಡೇ ದಾರಿಯಾದರೆ ಹಿಂಸೆಯನ್ನೇ ಆರಿಸು ಎನ್ನುತ್ತೇನೆಂದು 1920ರಲ್ಲಿ ಗಾಂಧೀಜಿಯವರೇ ಬರೆದಿದ್ದರು. ನಮ್ಮ ಕಾನೂನೂ ಅವಳ ಪರವಾಗಿದೆ. ಅತ್ಯಾಚಾರದ ಉದ್ದೇಶದಿಂದ ಮೇಲೆ ಬಿದ್ದವನ ಪ್ರಾಣ ತೆಗೆಯುವವರೆಗೂ ಆತ್ಮರಕ್ಷಣೆಯ ಹಕ್ಕಿದೆ ಎಂದು ಹಳೆಯ ದಂಡಸಂಹಿತೆಯ 100ನೆಯ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 38ನೆಯ ಕಲಮೂ ಅದನ್ನೇ ಹೇಳುತ್ತದೆ. ದುರ್ಗೆಯ ರೂಪವಾದ ನಮ್ಮ ಕೋಲಾರಮ್ಮನಿಗೆ ದಿನವೂ ಕೈಮುಗಿಯುವ ನಾವು, ಹೆಣ್ಣಿನ ಕೈಗೆ ಆಯುಧ ಒಪ್ಪದು ಎನ್ನುವುದು ಹೇಗೆ?

ಆದರೂ ನನ್ನ ಮನಸ್ಸು ಒಪ್ಪದೆ ನಿಂತದ್ದು ಇನ್ನೊಂದು ಕಾರಣಕ್ಕೆ. ಪೊಲೀಸರ ಲೆಕ್ಕಗಳನ್ನು ಒಟ್ಟುಮಾಡಿ ಪ್ರತಿವರ್ಷ ಪ್ರಕಟಿಸುವ ವರದಿಗಳಲ್ಲಿ ಬಹುತೇಕ ವರ್ಷಗಳಲ್ಲಿ ಒಂದೇ ಸಂಗತಿ: ದಾಖಲಾದ ಅತ್ಯಾಚಾರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಅವಳಿಗೆ ಗೊತ್ತಿದ್ದವನೇ. ನೆಂಟ, ನೆರೆಯವ, ಮದುವೆಯಾಗುತ್ತೇನೆಂದು ನಂಬಿಸಿದವ. ಬ್ಯಾಗಿನಲ್ಲಿರುವ ರಿವಾಲ್ವರ್ ಕತ್ತಲ ರಸ್ತೆಯ ಅಪರಿಚಿತನಿಗಾಗಿ. ಹಜಾರದಲ್ಲಿ ಕೂತು ಕಾಫಿ ಕೇಳುವವನ ಮೇಲೆ ಅದನ್ನು ಯಾವ ಹೆಣ್ಣು ಎತ್ತಿಯಾಳು? ಅಂದು ನನ್ನ ಕದ ಬಡಿದ ಹುಡುಗಿಗೆ ಎಷ್ಟು ಹಿತವಾದ ಹಿಡಿಯ ಬಂದೂಕಿದ್ದರೂ ಏನು ಪ್ರಯೋಜನವಾಗುತ್ತಿತ್ತು? ಅವಳಿಗೆ ಬೇಕಾಗಿದ್ದದ್ದು ತೆರೆದ ಒಂದು ಕದ. ಅದನ್ನು ತೆರೆದ ನನ್ನ ಕೈಯಲ್ಲಿ ಮಚ್ಚಿತ್ತು.

ಕೊಡಗಿನಲ್ಲಿ ಬಂದೂಕು ಮನೆತನದ ಸ್ವತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯದಲ್ಲಿ ಹೆಂಗಸರೂ ನಿಲ್ಲುತ್ತಾರೆ. ಅಲ್ಲಿಯ ಬಂದೂಕಿನ ಸುತ್ತ ಹಬ್ಬವಿದೆ, ಹಿರಿಯರಿದ್ದಾರೆ, ಕಟ್ಟುಪಾಡಿದೆ. ನನ್ನ ಹುಡುಗಿಯ ಬ್ಯಾಗಿನಲ್ಲಿ ಕೂರುವ ಬಂದೂಕಿಗೆ ಅವಳ ಹೆದರಿಕೆಯ ಹೊರತು ಬೇರೆ ಸಂಗಾತಿಯಿಲ್ಲ. ಅದನ್ನು ಕೊಡಿಸಿದ ದಿನದಿಂದ ನಾವೆಲ್ಲ ನಿಶ್ಚಿಂತೆಯಿಂದ ಮಲಗುತ್ತೇವೆ; ಎಚ್ಚರವಾಗಿರುವ ಕೆಲಸ ಅವಳೊಬ್ಬಳ ಪಾಲಿಗೆ ಬೀಳುತ್ತದೆ. ನಾಳೆ ಏನಾದರೂ ಆದರೆ "ಬಂದೂಕಿತ್ತಲ್ಲ, ಯಾಕೆ ಹೊಡೆಯಲಿಲ್ಲ?" ಎಂದು ಕೇಳುವವರೂ ನಾವೇ.

ನಿಜವಾಗಿಯೂ ಬೇಕೆಂದು ಅವಳು ನಿರ್ಧರಿಸಿದರೆ ನಾನು ಅಡ್ಡ ಬರುವುದಿಲ್ಲ. ಲೈಸೆನ್ಸಿಗೆ ಅರ್ಜಿ, ಪೊಲೀಸರ ವಿಚಾರಣೆ, ತರಬೇತಿ ಎಲ್ಲಕ್ಕೂ ಜೊತೆಯಲ್ಲಿ ಹೋಗುತ್ತೇನೆ. ಈ ಮಾತನ್ನೂ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ಯಕ್ಕೆ ನಾನು ಬರೋ ಹೊತ್ತಿಗೆ ಎಚ್ಚರವಾಗಿರ್ತೀರಾ?" ಎಂದಳು.

ಈಗ ಹನ್ನೊಂದು ಗಂಟೆಗೆ ನಮ್ಮ ಬೀದಿಯಲ್ಲಿ ನಾಲ್ಕು ಮನೆಯ ಹೆಂಗಸರು ಜಗಲಿಯ ದೀಪ ಹಾಕಿ ಹೊರಗೆ ಕೂರುತ್ತೇವೆ. ಒಬ್ಬಳು ಅವರೆಕಾಯಿ ಸುಲಿಯುತ್ತಾಳೆ, ಒಬ್ಬಳು ಹೂ ಕಟ್ಟುತ್ತಾಳೆ. ಹಿಂದೆ ಬರುತ್ತಿದ್ದವನು ಮೊದಲ ವಾರ ಎರಡು ಸಲ ತಿರುವಿನಲ್ಲಿ ಕಂಡ, ಆಮೇಲೆ ಕಾಣಲಿಲ್ಲ. ಬೇರೆ ಯಾವ ಬೀದಿಗೆ ಹೋದನೋ ಎಂಬ ಚಿಂತೆ ನನಗಿದ್ದೇ ಇದೆ. ಆ ಬೀದಿಯಲ್ಲೂ ಯಾರಾದರೂ ಹೊರಗೆ ಕೂತಿರಲಿ ಎಂದು ಹಾರೈಸುತ್ತ ಅವಳ ಹೆಜ್ಜೆಯ ಸದ್ದಿಗೆ ಕಿವಿಯಿಟ್ಟಿರುತ್ತೇನೆ.